ಎದ್ದು ನಿಂತ ಸದನ

ನಡುರಾತ್ರಿ ದಿಂಬಿನ ಕೆಳಗೆ ಮೊಬೈಲು 'ಗುಂಯ್' ಎಂದು ಒಂದೇ ಸಲ ನಡುಗಿತು. ಶಾಸಕರ ಆಪ್ತ ಸಹಾಯಕಿ ಕೆಂಡ ತುಳಿದವಳಂತೆ ಎದ್ದು ಕೂತಳು. ಶಾಸಕರದೇ ಸಂದೇಶ:

"ನಾಳೆ ಎರಡು ವಿಷಯ ಚರ್ಚೆಗೆ ಕೇಳ್ತೀನಿ. ಹೊರದೇಶದ ಯುದ್ಧ, ಆಮೇಲೆ ಧರ್ಮಗುರುಗಳ ದೌರ್ಜನ್ಯ. ಒಂದೊಂದಕ್ಕೂ ಹತ್ತು ಜನ ಎದ್ದು ನಿಲ್ಲಬೇಕು. ನಿಲ್ಲಿಸದಿದ್ರೆ ನಾಡಿದ್ದಿಂದ ಬರಬೇಡ."

"ಏನಂತೆ?" ಗಂಡ ಕಣ್ಣು ತೆರೆಯದೆ ಕೇಳಿದ.

"ಯುದ್ಧ."

"ಸರಿ, ಲೈಟ್ ಆರ್ಸು."

ಅವಳಿಗೆ ನಿದ್ದೆ ಹಾರಿಹೋಯಿತು. ಸದನದ ನಿಯಮವೇ ಹಾಗೆ: ಹತ್ತು ಮಂದಿ ಸದಸ್ಯರು ಎದ್ದು ನಿಂತು ಬೆಂಬಲಿಸಿದರೆ ಚರ್ಚೆ, ಇಲ್ಲವಾದರೆ ಇಲ್ಲ. ಕೆಲಸದ ಚಿಂತೆ ಒಂದಾದರೆ, ಇನ್ನೊಂದು ಒಬ್ಬ ತಾಯಿಯದು. ಮಗಳಿಗೆ ಗುರುಗಳೊಬ್ಬರಿಂದಾದ ಅನ್ಯಾಯವನ್ನು ಯಾರೂ ಕೇಳಿಸಿಕೊಳ್ಳದೆ, ಆಕೆ ತಿಂಗಳುಗಟ್ಟಲೆ ಇವರ ಕಚೇರಿಯ ಬೆಂಚಿನ ಮೇಲೆ ಬಂದು ಕೂರುತ್ತಿದ್ದಳು. ಬೆಳಗಾಗುತ್ತಲೇ ಇವಳು ತಡೆಯಲಾರದೆ ಫೋನ್ ಮಾಡಿಬಿಟ್ಟಳು: "ಇವತ್ತು ನಿಮ್ಮ ವಿಷಯ ಬರುತ್ತಮ್ಮಾ. ಬಂದು ಗ್ಯಾಲರಿಯಲ್ಲಿ ಕೂತ್ಕೊಳ್ಳಿ." ಫೋನಿಟ್ಟವಳೇ ಹತ್ತು ಜನರನ್ನು ಹುಡುಕಲು ಹೊರಟಳು.

ಸದನದ ಕ್ಯಾಂಟೀನಿನಲ್ಲಿ ಗಿರಿಜಾ ಮೀಸೆಯ ಸದಸ್ಯರು ಮೊದಲು ಸಿಕ್ಕರು.

"ಯುದ್ಧಕ್ಕಾ? ಬೇಕಾದ್ರೆ ಮೇಜಿನ ಮೇಲೆ ಹತ್ತಿ ನಿಲ್ತೀನಮ್ಮ!"

"ಇನ್ನೊಂದಕ್ಕೆ ಸರ್?"

"ಅದಕ್ಕಾ... ಮಂಡಿ ನೋವು ಕಣಮ್ಮ."

ಪಕ್ಕದವರು ದನಿ ತಗ್ಗಿಸಿದರು. "ನಮ್ಮತ್ತೆಗೆ ಗೊತ್ತಾದ್ರೆ ಮನೆ ಬಾಗಿಲೇ ತೆಗೆಯಲ್ಲ ತಂಗಿ."

ಸದಸ್ಯೆಯೊಬ್ಬರು ಬೆನ್ನು ಸವರಿದರು. "ನಾನಂತೂ ನಿಲ್ತೀನಿ ಕಣೇ. ಉಳಿದ ಒಂಬತ್ತು ಜನ ಮೊದ್ಲು ನಿಲ್ಲಲಿ."

ಶಾಸಕರ ಡ್ರೈವರ್ ಎಲ್ಲವನ್ನೂ ನೋಡುತ್ತ ನಿಂತಿದ್ದ. "ಯೋಚ್ನೆ ಮಾಡ್ಬೇಡಿ ಮೇಡಂ. ನಮ್ಮ ಭಾವನ ಚಪ್ಪಲಿ ಅಂಗಡೀಲಿ ಒಂದು ಜಾಗ ಖಾಲಿ ಇದೆ."

"ಬಾಯಿ ಮುಚ್ಚೋ ಮಾರಾಯ!"

ಮೂಲೆಯಲ್ಲಿ ಸದನದ ಅತಿ ಹಿರಿಯ ಸದಸ್ಯರು ಟೀವಿಯಲ್ಲಿ ಯುದ್ಧದ ಸುದ್ದಿ ನೋಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು. ಅವಳಿಗೆ ಫಕ್ಕನೆ ಏನೋ ಹೊಳೆಯಿತು. ಹೊಳೆದದ್ದಕ್ಕೆ ಅವಳೇ ಹೆದರಿದಳು. ಸಭಾಧ್ಯಕ್ಷರಿಗೆ ಹಾಳೆಯಿಂದ ತಲೆಯೆತ್ತುವ ಅಭ್ಯಾಸವಿಲ್ಲ; ಒಂದು ಸಾಲು ಮುಗಿದರೆ ಉಸಿರಾಡದೆ ಮುಂದಿನ ಸಾಲಿಗೆ ಹಾರುವವರು.

"ಅಜ್ಜಾ," ಎಂದಳು, ಪಕ್ಕಕ್ಕೆ ಹೋಗಿ. "ಯುದ್ಧದ ವಿಷಯ ಒಪ್ಪಿಗೆಯಾದ ತಕ್ಷಣ, ಸತ್ತವರಿಗೋಸ್ಕರ ಒಂದು ನಿಮಿಷ ಮೌನ ಕೇಳಬಹುದಲ್ವಾ?"

"ಕೇಳಲೇಬೇಕು ಮಗಳೇ," ಎಂದರು ಹಿರಿಯರು.

ಸದನ ಸೇರಿತು. ಯುದ್ಧದ ವಿಷಯಕ್ಕೆ ಎಲ್ಲರೂ ಪುಟಿದೆದ್ದು ಬೆಂಬಲಿಸಿ, ಮತ್ತೆ ಕೂತರು. ಹಿರಿಯರು ಮೌನ ಕೇಳಿದರು. ಎಲ್ಲರೂ ಮತ್ತೆ ಎದ್ದರು. ಅಧಿಕಾರಿಗಳ ಸಾಲಿನಲ್ಲಿ ಅವಳು ಸಭಾಧ್ಯಕ್ಷರ ಹಾಳೆಯನ್ನೇ ದಿಟ್ಟಿಸುತ್ತ ನಿಂತಿದ್ದಳು. ಮೌನ ಮುಗಿಯಿತೋ ಇಲ್ಲವೋ, ಹಾಳೆಯೊಳಗೆ ಮುಳುಗಿದ್ದ ಸಭಾಧ್ಯಕ್ಷರು ಓದಿಯೇಬಿಟ್ಟರು: "ಎರಡನೆಯದು, ಧರ್ಮಗುರುಗಳ ದೌರ್ಜನ್ಯ. ಬೆಂಬಲಿಸುವವರು ಎದ್ದು ನಿಲ್ಲಿ."

ಕೂರಲು ಹೊರಟವರು ಅರ್ಧದಲ್ಲೇ ತಡೆದು ನಿಂತರು. ಮೇಲೆ ಕ್ಯಾಮೆರಾಗಳು ಕಣ್ಣು ಬಿಟ್ಟುಕೊಂಡಿದ್ದವು. ಈಗ ಮೊದಲು ಕೂತವನೇ ಸಂಜೆಯ ಸುದ್ದಿ! ಮೀಸೆಯವರು ಮಂಡಿ ಹಿಡಿದುಕೊಂಡೇ ನೆಟ್ಟಗಾದರು. ಒಬ್ಬರೂ ಕೂರಲಿಲ್ಲ.

ಸಭಾಧ್ಯಕ್ಷರು ತಲೆಯೆತ್ತಿ ನೋಡಿ ಬೆರಗಾದರು. "ಇಡೀ ಸದನದ ಬೆಂಬಲವಿದೆ. ನಾಳೆ ಬೆಳಿಗ್ಗೆ ಮೊದಲು ಇದೇ ಚರ್ಚೆ."

ಅವಳು ಮೊಗಸಾಲೆಗೆ ಓಡಿದಳು. ಶಾಸಕರ ಮುಖ ಸುಟ್ಟ ಬದನೆಕಾಯಿಯಾಗಿತ್ತು.

"ಗುರುಗಳ ವಿಷಯಕ್ಕೆ ಯಾರೂ ನಿಲ್ಲಲ್ಲ ಅಂತ ತಾನೇ ನಾನು ಚರ್ಚೆ ಕೇಳಿದ್ದು! ಸಭಾತ್ಯಾಗ ಮಾಡಿ, ಟೀವಿಯವರ ಮುಂದೆ ನಾಲ್ಕು ಮಾತು ಗುಡುಗಿ, ಮನೆಗೆ ಹೋಗ್ತಿದ್ದೆ. ನಾಳೆ ಅದೇ ಗುರುಗಳ ಆಶೀರ್ವಾದಕ್ಕೆ ಬೇರೆ ಹೋಗ್ಬೇಕಿತ್ತು!"

"ಹತ್ತು ಜನರನ್ನ ನಿಲ್ಲಿಸು ಅಂದ್ರಲ್ಲ ಸರ್?"

"ನಿನ್ನ ಕೈಲಿ ಆಗಲ್ಲ ಅಂತಾನೇ ನಿಂಗೆ ಹೇಳಿದ್ದು!"

ಶಾಸಕರು ಇನ್ನೂ ಒಂದು ಹೆಜ್ಜೆ ಹತ್ತಿರ ಬಂದರು.

"ಆ ಮೌನ ಮುದುಕರ ತಲೇಲಿ ಹುಟ್ಟಿದ್ದಲ್ಲ, ಯಾರೋ ಕಿವಿ ಊದಿದ್ದಾರೆ. ನಾಳೆಯೊಳಗೆ ಪತ್ತೆ ಮಾಡು. ಯಾರೇ ಆಗ್ಲಿ, ಅವರ ಗಂಟುಮೂಟೆ ಕಟ್ಟಿಸ್ತೀನಿ!"

ಅಷ್ಟರಲ್ಲಿ ಆ ತಾಯಿ ಗ್ಯಾಲರಿಯ ಮೆಟ್ಟಿಲಿಳಿದು ಬಂದು ಶಾಸಕರ ಎರಡೂ ಕೈ ಹಿಡಿದುಕೊಂಡಳು. "ದೊಡ್ಡ ಮನಸ್ಸು ನಿಮ್ದು ಸ್ವಾಮಿ. ಇದನ್ನ ನೀವಲ್ದೆ ಇನ್ಯಾರು ಮಾಡ್ತಿದ್ರು?"

"ಕರ್ತವ್ಯ ತಾಯಿ, ನನ್ನ ಕರ್ತವ್ಯ," ಎಂದರು ಶಾಸಕರು, ಕ್ಯಾಮೆರಾದ ಕಡೆ ಕತ್ತು ತಿರುಗಿಸಿ. ಮರುಕ್ಷಣ ಇವಳತ್ತ ಹಲ್ಲು ಕಡಿದರು: "ಹೂಂ, ಹುಡುಕು."

"ಹುಡುಕ್ತೀನಿ ಸರ್," ಎಂದಳು ಅವಳು. ಹಿರಿಯರಿಗೆ ಯಾರು ಕಿವಿಯೂದಿದರೆಂದು ಶಾಸಕರಿಗಿರಲಿ, ಡ್ರೈವರಿಗಿರಲಿ, ಮನೆಯಲ್ಲಿ ಗಂಡನಿಗಿರಲಿ, ಕಣ್ಣು ತುಂಬಿಕೊಂಡು ನಿಂತ ಈ ತಾಯಿಗೂ ಹೇಳಬಾರದೆಂದು ಅಲ್ಲೇ ತೀರ್ಮಾನಿಸಿದಳು.