ಹೊಲಿಗೆ ಅಂಗಡಿಯಲ್ಲಿ ಕಂಡ ಮಹಾಸಂಚಿಕೆ

ನ್ಯಾಯಾಲಯದಲ್ಲಿ ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುವುದರಲ್ಲೇ ನನ್ನ ನೌಕರಿಯ ಬಹುಭಾಗ ಕಳೆಯಿತು. ಎದುರು ವಕೀಲರ ಒಂದು ಪ್ರಶ್ನೆಗೇ ಬೆವರೊರೆಸಿಕೊಳ್ಳುವ ಸಾಕ್ಷಿಗಳನ್ನು ಕಂಡು ಒಳಗೊಳಗೇ ನಗುತ್ತಿದ್ದೆ. ಕಂಡದ್ದನ್ನು ಕಂಡಷ್ಟೇ ಹೇಳಬೇಕು, ಕೇಳಿದ್ದಕ್ಕಷ್ಟೇ ಉತ್ತರಿಸಬೇಕು. ಇದರಲ್ಲಿ ಕಷ್ಟವೇನಿದೆ ಎಂದುಕೊಳ್ಳುತ್ತಿದ್ದೆ. ನಿವೃತ್ತನಾಗಿ ಸುರಪುರದ ಮನೆಯಲ್ಲಿ ಕುಳಿತ ಮೇಲೆ ನಾನೇ ಕಟಕಟೆ ಹತ್ತಬೇಕಾಯಿತು. ಕಟಕಟೆ ಎಂದರೆ ನಮ್ಮ ಪಡಸಾಲೆ. ಪ್ರಕರಣ ಒಂದು ಟಿ.ವಿ. ಧಾರಾವಾಹಿಯದು. ನಿಧಾನವಾಗಿ ಹೇಳುತ್ತೇನೆ.

ನಾಗರ ಪಂಚಮಿಗೆ ತಂಗಿಯನ್ನು ತವರಿಗೆ ಕರೆತರುವುದು ನಮ್ಮ ಕಡೆ ಅಣ್ಣನಾದವನ ಕೆಲಸ. ಕೆಂಭಾವಿಗೆ ಹೋಗಿ ತಂಗಿ ಗಿರಿಜಾಳನ್ನು ಕರೆತಂದೆ. ಅವಳ ಮಗಳು ಶಿಲ್ಪಾ ಯಾದಗಿರಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಅವಳು ಅಲ್ಲಿಂದ ನೇರವಾಗಿ ಬಂದಳು. ಹಿತ್ತಲಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿಸಿದ್ದೆ. ತಾಯಿ ಜೋಕಾಲಿ ಏರಿದರೆ ಮಗಳು ಒಳಗೆ ಹೋಗುವಳು, ಮಗಳು ಏರಿದರೆ ತಾಯಿ ಒಳಗೆ. ಹೀಗಾಗಿ ಜೋಕಾಲಿ ಹೆಚ್ಚಿನ ಹೊತ್ತು ಗಾಳಿಗೇ ತೂಗುತ್ತಿತ್ತು.

ಕಾರಣ ಇಷ್ಟೇ. ಶಿಲ್ಪಾ ತನ್ನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ, ಶಹಾಪುರದ ಮಹಾಂತೇಶನನ್ನು ಮೆಚ್ಚಿದ್ದಳು. ಹುಡುಗನ ನಡತೆ, ನೌಕರಿ, ಕುಲ ಯಾವುದರ ಮೇಲೂ ಗಿರಿಜಾಳ ತಕರಾರಿಲ್ಲ. ಆದರೆ ಹಿಂದೊಮ್ಮೆ ಆ ಮನೆಯ ಮದುವೆಯಲ್ಲಿ ಇವಳ ಕಡೆಯವರನ್ನು ಊಟದ ಎರಡನೇ ಪಂಗತಿಗೆ ಕೂರಿಸಿದ್ದರಂತೆ. ಅಷ್ಟರಲ್ಲಿ ಹೋಳಿಗೆ ಮುಗಿದಿತ್ತಂತೆ. "ಮೊದಲನೇ ಪಂಗತ್ಯಾಗ ಎಲಿ ಹಾಕಲಾರದ ಮನಿಗಿ ಮಗಳನ್ನ ಕೊಡೂದಿಲ್ಲ" ಎಂಬುದು ಅವಳ ಕೊನೆಯ ಮಾತು.

ತಾಯಿ, ಮಗಳು ನೇರವಾಗಿ ಮಾತಾಡುವುದನ್ನು ಬಿಟ್ಟಿದ್ದರು. ಅವರಿಗೆ ಮಾತಾಡಲು ಒದಗಿ ಬಂದದ್ದು ಆ ಧಾರಾವಾಹಿ. ಅದರಲ್ಲೂ ಮಗಳು ಒಬ್ಬನನ್ನು ಪ್ರೀತಿಸುತ್ತಾಳೆ, ತಾಯಿ ಬೇಡವೆನ್ನುತ್ತಾಳೆ.

"ಆ ತಾಯಿ ಮಾಡಿದ್ದು ಬರೋಬ್ಬರಿ ಅದ. ಮಗಳು ಹೇಳ್ದಂಗ ಕುಣಿಯಾಕ ಆಕಿಗಿ ಹುಚ್ಚ ಹಿಡದದೇನು?" ಎಂದಳು ಗಿರಿಜಾ.

"ಹುಚ್ಚಲ್ಲ, ಹಟ ಹಿಡದದ" ಎಂದಳು ಶಿಲ್ಪಾ.

ಹಬ್ಬದ ಉಂಡಿ ಕಟ್ಟುತ್ತಿದ್ದ ನನ್ನ ಹೆಂಡತಿ ಕೈ ನಿಲ್ಲಿಸಿ ಕೇಳಿದಳು: "ನೀವಿಬ್ಬರೂ ಟೀವ್ಯಾಗಿನವರ ಮಾತೇ ಆಡಾಕತ್ತೀರಿಲ್ಲ?"

"ಮತ್ತ ಯಾರದು?" ಎಂದು ಇಬ್ಬರೂ ಒಂದೇ ದನಿಯಲ್ಲಿ ಗದರಿದರು. ಅಂದು ಅವರು ಒಮ್ಮತಕ್ಕೆ ಬಂದದ್ದು ಅದೊಂದೇ ಸಲ.

ಸಂಜೆ ಹಬ್ಬದ ಮಹಾಸಂಚಿಕೆ. ಧಾರಾವಾಹಿಯ ಮನೆತನವೆಲ್ಲ ಹಬ್ಬಕ್ಕೆ ಸೇರಿತ್ತು. ಬೆಂಗಳೂರು ಕಡೆಯ ಬಂಗಲೆ. ಅಡುಗೆ ಮನೆಯಲ್ಲೂ ರೇಷ್ಮೆ ಸೀರೆ. ನಮ್ಮ ಅವ್ವ ಬಹಳ ಹೊತ್ತು ನೋಡಿ, "ಉಂಡಿ ಇಲ್ಲ, ಜೋಕಾಲಿ ಇಲ್ಲ, ಬರೇ ಒಬ್ಬರ ಮಾರಿ ಒಬ್ಬರು ನೋಡಾಕತ್ಯಾರ. ಇದೆಂಥಾ ಪಂಚಮಿ?" ಎಂದಳು. ಧಾರಾವಾಹಿಯಲ್ಲಿ ತಾಯಿಯ ಎದುರು ಮಗಳು ಕೈಮುಗಿದು ನಿಂತಾಗ ಗಿರಿಜಾ ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟಳು: "ಆ ತಾಯಿ ಒಪ್ಪಿದ್ರ ನಾನೂ ಒಪ್ಪತೀನಿ, ಹೋಗ!" ಆ ತಾಯಿ ಎಂದೂ ಒಪ್ಪುವವಳಲ್ಲ ಎಂಬ ಧೈರ್ಯ ಅವಳಿಗೆ. ತೆರೆಯ ಮೇಲಿನ ತಾಯಿ ಕುರ್ಚಿಯಿಂದ ಎದ್ದಳು. ಕರೆಂಟು ಹೋಯಿತು.

ಮೊಬೈಲಿನಲ್ಲಿ ನೋಡೋಣವೆಂದರೆ ಕರೆಂಟಿನ ಹಿಂದೆಯೇ ನೆಟ್‌ವರ್ಕ್ ಹೋಗುವುದು ನಮ್ಮ ಓಣಿಯ ಪದ್ಧತಿ. "ರೀ, ಖಾಜಾಸಾಬನ ಅಂಗಡ್ಯಾಗ ಇನ್ವರ್ಟರ್ ಅದ. ಓಡಿ ಹೋಗಿ ನೋಡಿಬರ್ರಿ" ಎಂದಳು ಹೆಂಡತಿ. ಶಿಲ್ಪಾ ಕತ್ತಲಲ್ಲಿ ನನ್ನ ಚಪ್ಪಲಿ ಹುಡುಕಿ ತಂದು ಕಾಲ ಬಳಿ ಇಟ್ಟಳು.

ಖಾಜಾಸಾಬ ನಮ್ಮ ಓಣಿಯ ದರ್ಜಿ. ಅವನ ಅಂಗಡಿಯಲ್ಲಿ ಎರಡು ಹೊಲಿಗೆ ಮಷಿನ್ನುಗಳ ಸದ್ದಿಗೆ ಟಿ.ವಿ.ಯ ಒಂದು ಮಾತೂ ಕೇಳಿಸಲಿಲ್ಲ. ಆದರೆ ಕಣ್ಣಾರೆ ಕಂಡೆ. ತಾಯಿ ಮಗಳ ಬಳಿ ಬಂದಳು. ತಲೆಯ ಮೇಲೆ ಕೈ ಇಟ್ಟಳು. ತನ್ನ ಕೈಯ ಬಳೆ ತೆಗೆದು ಮಗಳಿಗೆ ತೊಡಿಸಿದಳು. ಜಾಹೀರಾತು ಶುರುವಾಯಿತು. ನಾನು ಎದ್ದೆ.

"ಕುಂದರ್ರಿ ಸಾಹೇಬ್ರ, ಇನ್ನಾ ಮುಗದಿಲ್ಲ ಅದು" ಎಂದ ಖಾಜಾಸಾಬ. ನಾನಾಗಲೇ ಬೀದಿಯಲ್ಲಿದ್ದೆ.

ಪಡಸಾಲೆಯಲ್ಲಿ ಮೇಣದ ಬತ್ತಿ ಹಚ್ಚಿಟ್ಟು ನನ್ನನ್ನು ನಡುವೆ ನಿಲ್ಲಿಸಿದರು. ಕಂಡದ್ದನ್ನು ಹೇಳಿದೆ.

"ಯಾವ ಕೈ ಇಟ್ಟಾಳ?" ಎಂದಳು ಗಿರಿಜಾ.

"ಬಲಗೈ."

"ಅಳಾಕತ್ತಿದ್ಲೇನು?"

"ಹೌದು."

"ಸಿಟ್ಟಿಲೆ ಅಳಾಕತ್ತಿದ್ಲೋ, ಅಂತಃಕರಣದಿಂದನೋ?"

"ಅದು ನನಗ ಗೊತ್ತಾಗಲಿಲ್ಲ. ಮಾತು ಕೇಳಸಲಿಲ್ಲ. ಬಳಿ ತೊಡಿಸಿದ್ದು ಮಾತ್ರ ನೋಡೀನಿ."

"ಬಳಿ ತೊಡಸ್ಯಾಳಂದ್ರ ಮುಗೀತು" ಎಂದು ಅವ್ವ ತೀರ್ಪು ಕೊಟ್ಟಳು. ನನ್ನ ಅಂಗಿಯ ಬೆನ್ನು ತೊಯ್ದಿತ್ತು. ಸಂಚಿಕೆ ಮುಗಿಯಿತೇ ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಗಿರಿಜಾ ಮಗಳ ಕಡೆ ತಿರುಗಿ, "ಆ ಹುಡುಗಗ ಹೇಳು. ನಮ್ಮವರು ಅವರ ಮನಿಗಿ ಬಂದಾಗ ಎಲ್ಲಾರನೂ ಮೊದಲನೇ ಪಂಗತಿಗೇ ಕುಂಡ್ರಸಬೇಕು. ಒಬ್ಬರು ಉಳದ್ರೂ ಹಂಗೇ ಎದ್ದು ಬರತೀನಿ" ಎಂದಳು. ಶಿಲ್ಪಾ ನೆಟ್‌ವರ್ಕ್ ಹುಡುಕುತ್ತ ಮಾಳಿಗೆಗೆ ಓಡಿದಳು.

ಮರುದಿನ ಮಧ್ಯಾಹ್ನ ಮರುಪ್ರಸಾರ. ಎಲ್ಲರೂ ಕುಳಿತೆವು. ತಾಯಿ ಎದ್ದಳು, ಬಲಗೈ ಇಟ್ಟಳು, ಬಳೆ ತೊಡಿಸಿದಳು. ನಾನು ಹೆಮ್ಮೆಯಿಂದ ಸುತ್ತ ನೋಡಿದೆ. ಜಾಹೀರಾತು ಮುಗಿದಾಗ ಆ ಮಗಳು ಹಾಸಿಗೆಯಲ್ಲಿ ಬೆಚ್ಚಿ ಎದ್ದು ಕುಳಿತಳು. ಎಲ್ಲವೂ ಕನಸು. ನಿಜವಾದ ತಾಯಿ ಕೋಣೆ ಸೇರಿ ಬಾಗಿಲ ಚಿಲಕ ಹಾಕಿಕೊಂಡಿದ್ದಳು.

ಎಲ್ಲರೂ ನನ್ನನ್ನು ನೋಡಿದರು. ನನಗೆ ನನ್ನ ಹಳೆಯ ಸಾಕ್ಷಿಗಳೆಲ್ಲ ನೆನಪಾದರು. ಶಿಲ್ಪಾಳ ಮುಖ ಬಿಳುಪೇರಿತ್ತು. ಗಿರಿಜಾ ಸೆರಗು ಸರಿಮಾಡಿಕೊಂಡು ಎದ್ದಳು.

"ಆಕಿ ಕನಸಿನ್ಯಾಗ ಒಪ್ಯಾಳ, ನಾ ಎಚ್ಚರಿದ್ದಾಗ ಒಪ್ಪೀನಿ. ಈಗೇನು ಮಾಡ್ಲಿ ಅಣ್ಣಾ, ಮಲಗಿ ಏಳ್ಲೇನು?" ಎಂದವಳೇ ಹಿತ್ತಲಿಗೆ ಹೋಗಿ ಜೋಕಾಲಿ ಏರಿದಳು. ಸ್ವಲ್ಪ ಹೊತ್ತಿಗೆ ಅದರ ಇನ್ನೊಂದು ತುದಿಯಲ್ಲಿ ಮಗಳೂ ನಿಂತು ಜೀಕುತ್ತಿದ್ದಳು.

ಮುಂದೆ ಹುಡುಗನ ಮನೆ ನೋಡಲು ನಾವೆಲ್ಲ ಶಹಾಪುರಕ್ಕೆ ಹೋದೆವು. "ಅಣ್ಣಾ, ನಮ್ಮವರು ಒಬ್ಬರೂ ಉಳಿಯದಂಗ ನೀನೇ ನಿಂತು ನೋಡು" ಎಂದು ಗಿರಿಜಾ ನನ್ನನ್ನು ಪಂಗತಿಯ ತುದಿಗೆ ನಿಲ್ಲಿಸಿದಳು. ಒಬ್ಬೊಬ್ಬರನ್ನೂ ಕರೆದು ಕೂರಿಸಿದೆ. ಕೊನೆಯ ಎಲೆಯ ಮುಂದೆ ಕೊನೆಯವರು ಕುಳಿತಾಗ ನನಗೆ ಎಲೆ ಉಳಿದಿರಲಿಲ್ಲ. ನಾನು ಎರಡನೇ ಪಂಗತಿಯಲ್ಲಿ ಉಂಡೆ. ಹೋಳಿಗೆ ಮುಗಿದಿತ್ತು.

ತಿರುಗಿ ಬರುವಾಗ ಗಿರಿಜಾ ಕೇಳಿದಳು: "ಅಣ್ಣಾ, ನೀ ಕುಂಡ್ರಿಸಿದವರೆಲ್ಲ ಮೊದಲನೇ ಪಂಗತ್ಯಾಗೇ ಕುಂತರಿಲ್ಲ?"

"ನಾ ಕುಂಡ್ರಿಸಿದವರೆಲ್ಲ ಮೊದಲನೇದ್ರಾಗೇ ಕುಂತಾರವ್ವ" ಎಂದೆ.

ನಾನು ಎಲ್ಲಿ ಉಂಡೆ ಎಂದು ಅವಳು ಕೇಳಲಿಲ್ಲ.