ಮುದುಕ ಹೋಗಿಬಿಟ್ಟ

ಅಳಿಯ ಆ ಬೆಳಿಗ್ಗೆ ಮಾಡಿದ ತಪ್ಪು ಇಷ್ಟೇ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತೆಂಬ ಖುಷಿಗೆ ಮೊಬೈಲನ್ನು ಊಟದ ಚೀಲದೊಳಗೆ ಅರ್ಧ ಬಚ್ಚಿಟ್ಟುಕೊಂಡು ‘ತೇಲುವ ಗೋದಾಮು’ ಸೀರಿಯಲ್ಲಿನ ಹೊಸ ಎಪಿಸೋಡು ನೋಡಿಬಿಟ್ಟ. ಐದೇ ನಿಮಿಷ ಎಂದುಕೊಂಡು ಶುರುಮಾಡಿದವನು ಇಳಿಯುವ ಜಾಗ ಬರುವ ಹೊತ್ತಿಗೆ ಕರವಸ್ತ್ರಕ್ಕಾಗಿ ಜೇಬು ತಡಕಾಡುತ್ತಿದ್ದ.

‘ತೇಲುವ ಗೋದಾಮು’ ನಿಜವಾಗಿ ಒಂದು ಕಾರ್ಟೂನು. ಆದರೆ ಅವನ ವರ್ಕ್‌ಶಾಪಿನಲ್ಲಿ ಹಾಗೆಂದವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಗ್ರಹದಿಂದ ಗ್ರಹಕ್ಕೆ ಬಿತ್ತನೆ ಬೀಜ ಸಾಗಿಸುವ ಒಂದು ಲಟಾರಿ ಆಕಾಶನೌಕೆ, ಅದನ್ನು ನಡೆಸುವ ಒಬ್ಬಳು ಕ್ಯಾಪ್ಟನ್, ಎಂಜಿನ್ ಕೋಣೆಯಲ್ಲಿ ಎಡ ಮೊಣಕಾಲು ನೋವೆಂದು ಸದಾ ಗೊಣಗುವ ಒಬ್ಬ ಹಳೇ ರೋಬೋ. ಈ ರೋಬೋವನ್ನು ಎಲ್ಲರೂ ಮುದುಕ ಎಂದೇ ಕರೆಯುತ್ತಿದ್ದರು. ಎರಡು ವರ್ಷ ಕಾಯಿಸಿ ಈಗ ಒಟ್ಟಿಗೇ ಎರಡು ಹೊಸ ಎಪಿಸೋಡು ಬಿಟ್ಟಿದ್ದರು.

ಅಳಿಯ ಎನ್ನುವುದೂ ಅಡ್ಡಹೆಸರೇ. ಮಾವನ ಮನೆಯಲ್ಲೇ ಸಂಸಾರ ಹೂಡಿಕೊಂಡಿದ್ದ ಅವನು ಮಾತು ಮಾತಿಗೆ ‘ನಮ್ಮ ಮಾವ ಹೀಗಂದ್ರು, ನಮ್ಮ ಮಾವ ಹಾಗಂದ್ರು’ ಎನ್ನುತ್ತಿದ್ದುದರಿಂದ ವರ್ಕ್‌ಶಾಪಿನವರು ಇಟ್ಟದ್ದು. ಅದು ಹಲ್ಲಿನ ಸೆಟ್ಟು ತಯಾರಿಸುವ ವರ್ಕ್‌ಶಾಪು. ದಂತವೈದ್ಯರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಸುರಿದು ದವಡೆ ಎಬ್ಬಿಸುವವನು ಪ್ಲಾಸ್ಟರ್ ಅಣ್ಣ. ಆ ದವಡೆಯ ಮೇಲೆ ಮೇಣ ಮೆತ್ತಿ ಹಲ್ಲು ಜೋಡಿಸುವವನು ಅಳಿಯ. ಕೊನೆಗೆ ಉಜ್ಜಿ ಹೊಳಪು ಕೊಡುವವಳು ಪಾಲಿಶ್ ಅಕ್ಕ. ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡಿ ಹುಬ್ಬು ಗಂಟಿಕ್ಕುವವರು ಯಜಮಾನರು.

ಈ ನಾಲ್ವರೂ ಮಧ್ಯಾಹ್ನ ಊಟಕ್ಕೆ ಕೂತರೆ ‘ತೇಲುವ ಗೋದಾಮು’ ಬಿಟ್ಟು ಬೇರೆ ಮಾತಿಲ್ಲ. ಮನೆಯಲ್ಲಿ ಅಳಿಯನ ಮಾತನ್ನು ಕೇಳುವವರು ಯಾರೂ ಇರಲಿಲ್ಲ. ಹೆಂಡತಿ ಅರ್ಧ ಕೇಳಿ ಎದ್ದು ಹೋಗುತ್ತಿದ್ದಳು, ಮಾವ ಶುರುವಾಗುವ ಮೊದಲೇ ಎದ್ದು ಹೋಗುತ್ತಿದ್ದರು. ಊಟದ ಮೇಜಿನಲ್ಲಿ ಮಾತ್ರ ಅವನು ಕ್ಯಾಪ್ಟನ್ ಮಾಡಿದ್ದು ಸರಿಯೋ ತಪ್ಪೋ ಎಂದು ಬಾಯಿ ತೆರೆದರೆ ಮೂರು ತಲೆಗಳು ಅವನ ಕಡೆ ತಿರುಗುತ್ತಿದ್ದವು. ಅಷ್ಟಕ್ಕೇ ಅವನಿಗೆ ದಿನ ಸಾರ್ಥಕ.

ಹೊಸ ಎಪಿಸೋಡುಗಳನ್ನು ಭಾನುವಾರ ಎಲ್ಲರೂ ಯಜಮಾನರ ಮನೆಯಲ್ಲಿ ಒಟ್ಟಿಗೆ ನೋಡುವುದು, ಅಲ್ಲಿಯವರೆಗೆ ಯಾರೂ ಕದ್ದು ನೋಡಕೂಡದು ಎಂದು ಮಾತಾಗಿತ್ತು. ನೋಡಿದ್ದು ಗೊತ್ತಾದರೆ ಭಾನುವಾರಕ್ಕೂ ಇಲ್ಲ, ಊಟದ ಹೊತ್ತಿನ ಚರ್ಚೆಗೂ ಇಲ್ಲ ಎಂದು ಯಜಮಾನರು ತೀರ್ಪು ಕೊಟ್ಟಿದ್ದರು. ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದ್ದವನು ಅಳಿಯ.

ಆ ಬೆಳಿಗ್ಗೆ ಅವನು ಮೇಣ ಕಾಯಿಸುತ್ತ ಕೂತಿದ್ದ. ಕಣ್ಣ ಮುಂದೆ ಬಸ್ಸಿನಲ್ಲಿ ಕಂಡದ್ದೇ ಕುಣಿಯುತ್ತಿತ್ತು. ಎಂಜಿನ್ ಕೋಣೆಗೆ ಬೆಂಕಿ ಬಿದ್ದದ್ದು, ಮುದುಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡದ್ದು, ಗಾಜಿನಾಚೆಯಿಂದ ಕ್ಯಾಪ್ಟನ್ ಬಾಗಿಲು ಬಡಿದದ್ದು. ತನಗೇ ಗೊತ್ತಿಲ್ಲದೆ ಒಂದು ನಿಟ್ಟುಸಿರು ಬಿಟ್ಟು ಅವನು ಅಂದುಬಿಟ್ಟ:

“ಪಾಪ, ಮುದುಕ ಹೋಗ್ಬಿಟ್ಟ.”

ಪಾಲಿಶ್ ಯಂತ್ರ ಗಕ್ಕನೆ ನಿಂತಿತು. ಪ್ಲಾಸ್ಟರ್ ಕಲಸುತ್ತಿದ್ದ ಕೈ ನಿಂತಿತು. ಯಜಮಾನರು ಕನ್ನಡಕ ತೆಗೆದು ಅವನನ್ನೇ ನೋಡಿದರು. ಯಾವ ಮುದುಕ ಎಂದು ಯಾರಾದರೂ ಕೇಳಿದರೆ ಮುಗಿಯಿತು ಎಂದುಕೊಂಡ ಅಳಿಯ.

ಆದರೆ ಪಾಲಿಶ್ ಅಕ್ಕ ಮೆಲ್ಲಗೆ, “ಯಾರು, ನಿಮ್ಮ ಮಾವನಾ?” ಎಂದಳು.

ಮುಳುಗುವವನ ಕೈಗೆ ಯಾರೋ ಹಗ್ಗ ಎಸೆದಂತಾಯಿತು. ಹಗ್ಗದ ಇನ್ನೊಂದು ತುದಿ ಎಲ್ಲಿದೆಯೆಂದು ನೋಡದೆ ಅಳಿಯ ತಲೆಯಾಡಿಸಿಬಿಟ್ಟ.

ಮುಂದಿನದೆಲ್ಲ ಅವನ ಕೈಮೀರಿ ನಡೆಯಿತು. ಯಜಮಾನರು ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟು, ಇಂಥ ದಿನ ಕೆಲಸಕ್ಕೆ ಯಾಕೆ ಬಂದಿರಿ, ಮನೆಗೆ ಹೋಗಿ ಎಂದರು. ಮನೆಗೆ ಹೋದರೆ ಮಾವ ಜಗುಲಿಯಲ್ಲೇ ಕೂತಿರುತ್ತಾರೆ, ಬೇಗ ಬಂದದ್ದೇಕೆಂದು ಕೇಳುತ್ತಾರೆ. ಪರವಾಗಿಲ್ಲ ಸಾರ್, ಕೆಲಸ ಮಾಡ್ತೀನಿ ಎಂದು ಅಳಿಯ ಹಲ್ಲುಗಳ ಪೆಟ್ಟಿಗೆಗೆ ಕೈ ಹಾಕಿದ. ಅಳು ಬಾರದೆ ಹೀಗೆ ಕಲ್ಲಿನ ಹಾಗೆ ಕೂರುವುದು ಬಹಳ ಅಪಾಯ, ಒಳಗೇ ಹೆಪ್ಪುಗಟ್ಟುತ್ತದೆ ಎಂದು ಪ್ಲಾಸ್ಟರ್ ಅಣ್ಣ ಯಜಮಾನರ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಹೇಗಾಯಿತು ಎಂದು ಅಕ್ಕ ಕೇಳಿದಳು. ಅಳಿಯನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ತಲೆಯಲ್ಲಿ ಇದ್ದದ್ದು ಒಂದೇ ಸಾವು, ಅದನ್ನೇ ಹೇಳಿದ. ಬಚ್ಚಲ ಒಲೆ ಯಾಕೋ ವಿಪರೀತ ಉರಿಯತೊಡಗಿತು, ಮನೆಗೆಲ್ಲ ಹತ್ತಿಕೊಳ್ಳಬಾರದು ಅಂತ ಮಾವ ತಾವೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು, ನಾವೆಲ್ಲ ಹೊರಗಿನಿಂದ ಬಡಿದೆವು, ತೆಗೆಯಲಿಲ್ಲ.

ಅಕ್ಕನ ಕಣ್ಣಲ್ಲಿ ನೀರು ತುಂಬಿತು. “ಕೊನೇಲಿ ಏನಾದ್ರೂ ಅಂದ್ರಾ?”

ಮುದುಕ ಕೊನೆಯಲ್ಲಿ, ಬೀಜಗಳಿಗೆ ನೀರು ಹಾಕೋದು ಮರೀಬೇಡಿ ಎಂದಿದ್ದ. ಅಳಿಯ, “ಗಿಡಗಳಿಗೆ ನೀರು ಹಾಕೋದು ಮರೀಬೇಡಿ ಅಂದ್ರು” ಎಂದ.

ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಪ್ಲಾಸ್ಟರ್ ಅಣ್ಣ ಮುಖ ತೊಳೆದು ಬರುತ್ತೇನೆಂದು ಹೊರಗೆ ಹೋದವನು ಬಹಳ ಹೊತ್ತು ಬರಲಿಲ್ಲ. ಸಾಕು, ಇನ್ನು ಹೇಳಬೇಡಿ ಎಂದು ಯಜಮಾನರು ಗೋಡೆಯ ಕಡೆ ತಿರುಗಿ ನಿಂತರು. ಎಂದೂ ಕಾಣದ ತನ್ನ ಮಾವನಿಗಾಗಿ ಇವರೆಲ್ಲ ಹೀಗೆ ಕರಗಿಹೋದದ್ದನ್ನು ಕಂಡು ಅಳಿಯನಿಗೂ ಅಳು ಬಂತು. ಅದು ಮುದುಕನಿಗೋ ಮಾವನಿಗೋ ತನಗೋ ಎಂದು ಅವನಿಗೇ ತಿಳಿಯಲಿಲ್ಲ.

ಆ ದಿನ ಅವನು ಕೆಳದವಡೆಯ ಮೇಲೆ ಮೇಲ್ದವಡೆಯ ಹಲ್ಲುಗಳನ್ನು ಸಾಲಾಗಿ ಜೋಡಿಸಿಟ್ಟ. ಆ ಸೆಟ್ಟು ಹಾಕಿಕೊಂಡವರು ನಕ್ಕರೆ ಕುದುರೆ ಕೆನೆದಂತೆ ಕಾಣುತ್ತಿತ್ತು. ಬೇರೆ ದಿನವಾಗಿದ್ದರೆ ಯಜಮಾನರು ಕೂಗಾಡುತ್ತಿದ್ದರು. ಇಂದು ಅದನ್ನು ಸದ್ದಿಲ್ಲದೆ ಪಕ್ಕಕ್ಕಿಟ್ಟು, ಸಂಜೆ ನಾವು ಮೂವರೂ ನಿಮ್ಮ ಜೊತೆ ಮನೆಗೆ ಬರುತ್ತೇವೆ, ನಿಮ್ಮ ಮನೆಯವರಿಗೆ ಒಂದು ಮಾತು ಹೇಳಿ ಬರಬೇಕು ಎಂದರು.

ಬೇಡ ಎನ್ನಲು ಅಳಿಯ ಎಷ್ಟು ಕಾರಣ ಕೊಟ್ಟರೂ ಅವರು ಅದನ್ನೆಲ್ಲ ದುಃಖದ ಲೆಕ್ಕಕ್ಕೇ ಹಾಕಿಕೊಂಡರು. ಕೊನೆಗೆ ಅವನು ಹಿತ್ತಲ ಬಾಗಿಲಲ್ಲಿ ನಿಂತು ಹೆಂಡತಿಗೆ ಫೋನು ಮಾಡಿದ. ವರ್ಕ್‌ಶಾಪಿನವರು ಬರುತ್ತಿದ್ದಾರೆ, ಅಪ್ಪನನ್ನು ಒಂದು ಗಂಟೆ ಎಲ್ಲಿಗಾದರೂ ಕಳಿಸು ಎಂದ.

“ಯಾಕೆ, ಅಪ್ಪ ಇದ್ರೆ ಏನೀಗ?”

“ಅವ್ರು ಇರೋದೇ ತೊಂದ್ರೆ ಆಗಿದೆ ಕಣೇ.”

ಹೆಂಡತಿ, ಈ ಮನೆ ಅಪ್ಪನದು, ಬರುವವರಿಗೆ ಅಪ್ಪ ಇರುವುದು ಕಷ್ಟವಾದರೆ ಬರುವುದೇ ಬೇಡ ಎಂದು ಫೋನಿಟ್ಟಳು. ಅಷ್ಟಕ್ಕೇ ಸುಮ್ಮನಾಗದೆ, ಅಳಿಯನ ಕಡೆಯವರು ಬರುತ್ತಿದ್ದಾರೆಂದು ಅಪ್ಪನಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೆಗೆದುಕೊಟ್ಟಳು.

ಮಾವನಿಗೂ ಅಂದು ಬೇರೆಯೇ ಕಾರ್ಯಕ್ರಮವಿತ್ತು. ಮಂಡಿ ಊದಿಕೊಂಡು ಮನೆ ಹಿಡಿದಿದ್ದ ತಿಂಗಳುಗಳಲ್ಲಿ ಅವರು ‘ತೇಲುವ ಗೋದಾಮು’ ಸೀರಿಯಲ್ಲನ್ನು ಮೊದಲಿನಿಂದ ಶುರುಮಾಡಿ ಒಂದೂ ಬಿಡದೆ ನೋಡಿದ್ದರು. ಹಳೆಯದೆಲ್ಲ ಹಿಂದಿನ ದಿನವಷ್ಟೇ ಮುಗಿದಿತ್ತು. ಹೊಸ ಎರಡನ್ನು ಇಂದು ರಾತ್ರಿ ಊಟವಾದ ಮೇಲೆ ನೋಡುವುದೆಂದು ಇಟ್ಟುಕೊಂಡಿದ್ದರು. ಅದರ ಸುದ್ದಿ ಕಿವಿಗೆ ಬೀಳಬಾರದೆಂದು ಬೆಳಗ್ಗಿನಿಂದ ಪೇಪರು ಕೂಡ ಬಿಡಿಸಿರಲಿಲ್ಲ. ಇದು ಅಳಿಯನಿಗೆ ಗೊತ್ತಿರಲಿಲ್ಲ. ಮಾವ ಕೋಣೆಯ ಬಾಗಿಲು ಹಾಕಿಕೊಂಡು ವಾರ್ತೆ ನೋಡುತ್ತಾರೆಂದೇ ಅವನು ತಿಳಿದಿದ್ದ.

ಸಂಜೆ ಗುಂಪು ಮನೆ ಮುಟ್ಟಿತು. ಯಜಮಾನರ ಕೈಯಲ್ಲಿ ಬಿಳಿ ಹೂವಿನ ಗುಚ್ಛವಿತ್ತು. ಅಳಿಯ ಎಲ್ಲರಿಗಿಂತ ಹಿಂದೆ, ಕಾಲು ಎಳೆಯುತ್ತ ಬಂದ. ಬಾಗಿಲು ತೆರೆದವರು ಬಿಳಿ ಅಂಗಿಯ ಮಾವ.

ಯಜಮಾನರು ತಲೆ ಬಾಗಿಸಿ, “ನೀವು ಅವರ ತಮ್ಮನವರಿರಬೇಕು” ಎಂದರು.

“ಯಾರ ತಮ್ಮ?”

“ತೀರಿಕೊಂಡ್ರಲ್ಲ, ಈ ಮನೆ ಹಿರಿಯರು.”

ಮಾವ ಹಿಂದಿರುಗಿ ಒಳಗೊಮ್ಮೆ ನೋಡಿದರು, ತಮಗೆ ತಿಳಿಯದೆ ಏನಾದರೂ ಆಗಿದೆಯೇನೋ ಎಂಬಂತೆ. “ಈ ಮನೆ ಹಿರಿಯ ನಾನೇ. ಬೆಳಿಗ್ಗೆಯಿಂದ ಇಲ್ಲೇ ಇದ್ದೀನಿ” ಎಂದರು.

ಯಜಮಾನರು ಹೂವನ್ನು ಬೆನ್ನ ಹಿಂದೆ ಸರಿಸಿದರು. ಎಲ್ಲರ ಕಣ್ಣೂ ನಿಧಾನವಾಗಿ ಅಳಿಯನ ಮೇಲೆ ಬಂದು ನಿಂತವು. ಒಳಗಿನಿಂದ ಬಂದ ಹೆಂಡತಿಯ ಕಣ್ಣೂ ಸೇರಿತು.

“ಏನ್ರೀ ಅಳಿಯಂದ್ರೇ, ನಾನು ಯಾವಾಗ ಸತ್ತೆ?” ಎಂದರು ಮಾವ.

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಭಾನುವಾರ ಹೋಗುತ್ತದೆ, ಊಟದ ಮೇಜಿನ ಮಾತು ಹೋಗುತ್ತದೆ. ಹೋದರೆ ಹೋಗಲಿ, ಇರಲು ಒಂದು ಮನೆಯಾದರೂ ಉಳಿಯಲಿ ಎಂದು ಅಳಿಯ ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟ. “ನೀವಲ್ಲ ಮಾವ. ಸತ್ತಿದ್ದು ‘ತೇಲುವ ಗೋದಾಮು’ ಮುದುಕ. ನಾನು ಕದ್ದು ನೋಡ್ಬಿಟ್ಟೆ. ಸಿಕ್ಕಿಬೀಳ್ತೀನಿ ಅಂತ ನಿಮ್ಮ ಮೇಲೆ ಹಾಕ್ದೆ.”

ಬೈಗುಳ ಬರಲೆಂದು ಅವನು ಕಾದ. ಬಂದದ್ದು ಪ್ಲಾಸ್ಟರ್ ಅಣ್ಣನ ಮಾತು.

“ಮುದುಕ ಸತ್ತ ಅಂತ ಯಾರು ಹೇಳಿದ್ದು? ಎರಡನೇದ್ರಲ್ಲಿ ನೀರು ಕಾಯಿಸೋ ಕೆಟಲ್ಲೊಳಗಿಂದ ಮಾತಾಡ್ತಾನಲ್ಲ.”

“ಅದು ಅವನಲ್ಲ” ಎಂದಳು ಪಾಲಿಶ್ ಅಕ್ಕ, ತಡೆಯಲಾರದೆ. “ಅವನ ದನಿ ಅಷ್ಟೆ. ನೌಕೆ ಮೊದಲೇ ತುಂಬಿಟ್ಟುಕೊಂಡಿತ್ತು. ನಾನು ಎರಡು ಸಲ ನೋಡಿದೀನಿ.”

“ಕೆಟಲ್ಲು ಎಡ ಮೊಣಕಾಲು ನೋವು ಅನ್ನುತ್ತಮ್ಮ” ಎಂದರು ಯಜಮಾನರು. “ಬರೀ ದನಿಗೆ ನೋವು ಬರುತ್ತಾ?” ಎಂದವರು, ಅಂದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದರು.

ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಯಜಮಾನರು ಬಿಡುಗಡೆಯಾದ ರಾತ್ರಿಯೇ ನೋಡಿದ್ದರು. ಅಕ್ಕ ಬೆಳಿಗ್ಗೆ ಅಡುಗೆ ಮಾಡುತ್ತ ನೋಡಿದ್ದಳು. ಅಣ್ಣ ಎಲ್ಲಿ ನೋಡಿದನೆಂದು ಹೇಳಲು ಒಪ್ಪಲಿಲ್ಲ. ಬೆಳಿಗ್ಗೆ ಅಳಿಯ ಬಾಯಿಬಿಟ್ಟಾಗ ಯಾವ ಮುದುಕನೆಂದು ಮೂವರಿಗೂ ತಕ್ಷಣ ಹೊಳೆದಿತ್ತು. ಹೊಳೆದದ್ದು ಮುಖದಲ್ಲಿ ಕಂಡುಬಿಟ್ಟೀತೆಂದು ಹೆದರಿ ಅಕ್ಕ ಮಾವನ ಹೆಸರು ಎತ್ತಿದ್ದಳು, ಉಳಿದಿಬ್ಬರೂ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಆಮೇಲೆ ಅಳಿಯನ ಮಾವ ಬಚ್ಚಲಲ್ಲಿ ತೀರಿಕೊಂಡದ್ದು ಮುದುಕನಂತೆಯೇ ಕೇಳಿಸಿ ತಡೆಯಲಾಗದೆ ಅತ್ತಿದ್ದರು. ಆದರೂ ಮಾವ ತೀರಿಕೊಂಡದ್ದು ನಿಜವಿದ್ದರೂ ಇರಬಹುದು ಎಂದು ಹೂ ತಂದಿದ್ದರು.

ಗುಟ್ಟು ಹೊರಬಿದ್ದ ಮೇಲೆ ಮುಚ್ಚುಮರೆ ಯಾಕೆ? ಜಗುಲಿಯಲ್ಲೇ ಚರ್ಚೆ ಹತ್ತಿಕೊಂಡಿತು. ಕೆಟಲ್ಲಿನೊಳಗಿರುವುದು ಮುದುಕನೋ ಅವನ ನಕಲೋ? ಕ್ಯಾಪ್ಟನ್ನಿಗೆ ಅದು ಗೊತ್ತೋ ಇಲ್ಲವೋ? ನೆನಪಿದ್ದರೆ ಸಾಕೋ, ಮೈಯೂ ಬೇಕೋ? ಎರಡನೆಯದನ್ನು ಇನ್ನೂ ನೋಡಿರದ ಅಳಿಯ ಕಿವಿ ಮುಚ್ಚಿಕೊಂಡ. ಅಷ್ಟರಲ್ಲಿ ಕಿವಿಗೆ ಬೀಳದೆ ಉಳಿದದ್ದು ಏನೂ ಇರಲಿಲ್ಲ.

ಮಾವ ಮಾತ್ರ ಗೋಡೆಗೊರಗಿ ಕುಸಿದು ಕೂತಿದ್ದರು. ಆಗಲೇ ಎಲ್ಲರಿಗೂ ಅವರ ನೆನಪಾಯಿತು.

“ನಾನಿನ್ನೂ ನೋಡಿರಲಿಲ್ಲ” ಎಂದರು ಅವರು. ಮಾವ ಅಳಿಯನ ಕಡೆ ತಿರುಗಿದರು. “ನೀವು ನನ್ನ ಸಾಯಿಸಿದ್ದಕ್ಕೆ ಬೇಜಾರಿಲ್ಲ. ವಯಸ್ಸಾಯ್ತು, ಯಾರಾದ್ರೂ ಒಂದಿನ ಹೇಳೋ ಮಾತೇ. ಆದ್ರೆ ಮುದುಕ ಸತ್ತಿದ್ದನ್ನ ನನ್ನ ಮುಂದೆ ಹೇಳಿದ್ರಲ್ಲ, ಅದನ್ನ ಮಾತ್ರ ಮರೆಯಲ್ಲ.”

ಆಮೇಲೆ ತಾವಾಗಿಯೇ ಹೇಳಿದರು: “ಕೆಟಲ್ಲಲ್ಲಿ ಇರೋದು ಅವನೇ. ನನ್ನ ದವಡೆ ಹಲ್ಲು ಕಿತ್ತು ಎಷ್ಟೋ ವರ್ಷ ಆಯ್ತು. ಈಗ್ಲೂ ತಣ್ಣಗಿನ ನೀರು ಕುಡಿದ್ರೆ ಅದು ನೋಯುತ್ತೆ. ಹಲ್ಲಿಲ್ಲ, ನೋವಿದೆ. ಯಾಕಂದ್ರೆ ಕಳಕೊಂಡವನು ನಾನೇ ತಾನೆ. ನಕಲಿಗೆ ಹೊಸ ಕೀಲು ಕೊಟ್ಟಿರ್ತಾರೆ, ಹಳೇ ನೋವು ಯಾರು ಕೊಡ್ತಾರೆ?”

ದಿನವಿಡೀ ಹಲ್ಲಿನಲ್ಲೇ ಬದುಕುವ ಆ ಮೂವರು ಬಾಯಿ ತೆರೆದುಕೊಂಡು ಕೂತರು. ಯಜಮಾನರ ಕಣ್ಣಲ್ಲಿ ಗೌರವ ಮೂಡಿತು. ಅಕ್ಕ ತನ್ನ ವಾದ ಹಿಂತೆಗೆದುಕೊಂಡಳು, ಅದೂ ಮೊದಲ ಸಲ. ಅಳಿಯನ ಹೆಂಡತಿ ಹೂಗುಚ್ಛವನ್ನು ತೆಗೆದುಕೊಂಡು ನೀರಿನ ಜಗ್ಗಿನಲ್ಲಿ ನಿಲ್ಲಿಸಿ, ಎಲ್ಲರಿಗೂ ಚಹಾ ತಂದಳು.

ಹೊರಡುವಾಗ ಯಜಮಾನರು ತೀರ್ಪು ಹೇಳಿದರು. ಅವರ ಮನೆಯಲ್ಲಿ ಇರುವುದು ನಾಲ್ಕೇ ಕುರ್ಚಿ. ನಿಯಮದ ಪ್ರಕಾರ ಕದ್ದು ನೋಡದೆ ಉಳಿದವರು ಮಾವನವರೊಬ್ಬರೇ, ಆದ್ದರಿಂದ ಭಾನುವಾರಕ್ಕೆ ಅವರು ಬರಲೇಬೇಕು, ಅಳಿಯ ಜಾಗ ಬಿಡಬೇಕು. ಕದ್ದು ನೋಡಿದ್ದು ನೀವೂ ಅಲ್ಲವಾ ಸಾರ್ ಎಂದು ಅಳಿಯ ಮೆಲ್ಲಗೆ ಕೇಳಿದ.

“ನೋಡಿದ್ವಿ” ಎಂದಳು ಪಾಲಿಶ್ ಅಕ್ಕ. “ಆದ್ರೆ ನಾವು ಮನೆಯವ್ರನ್ನ ಯಾರನ್ನೂ ಸಾಯಿಸಲಿಲ್ಲ.”

ಮೂವರೂ ಹೋದರು. ಹೆಂಡತಿ ಲೋಟಗಳನ್ನು ಎತ್ತಿಕೊಂಡು ಒಳಗೆ ನಡೆದಳು. ಮಾವ ಕೋಣೆಗೆ ಹೋದವರು ಮತ್ತೆ ಬಾಗಿಲ ಸಂದಿನಲ್ಲಿ ಮುಖ ತೋರಿಸಿದರು.

“ಅಳಿಯಂದ್ರೇ, ಆ ಯಜಮಾನ್ರ ಮನೇಲಿ ಯಾವ ಕುರ್ಚಿ ಒಳ್ಳೇದು?”

“ಕಿಟಕಿ ಕಡೇದು ಮಾವ. ಬೆನ್ನಿಗೆ ದಿಂಬಿದೆ.”

“ಅದ್ರಲ್ಲಿ ಯಾರು ಕೂರ್ತಾರೆ?”

“ನಾನು ಕೂರ್ತಿದ್ದೆ.”

“ಸರಿ, ಅದೇ ಆಗುತ್ತೆ” ಎಂದು ಮಾವ ಬಾಗಿಲು ಹಾಕಿಕೊಂಡರು.