ಬ್ಯಾಟರಿ ಕುಡಿದವರು ಯಾರು?

“ಅಮ್ಮಾ, ಬೈಕ್ ಸ್ಟಾರ್ಟ್ ಆಗದಿದ್ರೆ ನಿನಗಿಂತ ಜಾಸ್ತಿ ಅಜ್ಜಿ ಯಾಕೆ ಅಳ್ತಾಳೆ?”

ಐದು ವರ್ಷದ ಲೆಮೋನಿಯಾ ಹೀಗೆ ಕೇಳಿದಾಗ ಅರ್ಗಿರೋ ಬೈಕನ್ನು ಇಳಿಜಾರಿನಲ್ಲಿ ತಳ್ಳುತ್ತಿದ್ದಳು. ಉತ್ತರ ಹೇಳುವಷ್ಟು ಉಸಿರು ಉಳಿದಿರಲಿಲ್ಲ. ಆದರೂ ಪ್ರಶ್ನೆ ಮನಸ್ಸಿನಲ್ಲಿ ಕೊರೆಯತೊಡಗಿತು. ಗಂಡ ಯಾಕುಮಿಸ್ ಹಡಗು ಹತ್ತುವಾಗ ಬಿಟ್ಟುಹೋದ ಬೈಕು ಇದು. ಅತ್ತೆ ಸ್ತಮಾತಿಯಾ ಇದಕ್ಕಿಟ್ಟ ಹೆಸರು ‘ಸೈತಾನನ ಕತ್ತೆ’. ಕತ್ತೆ ಮಲಗಿದ ದಿನ ಆಕೆ ಕುಣಿಯಬೇಕಿತ್ತು. ಬದಲಿಗೆ ಮೆಟ್ಟಿಲ ಮೇಲೆ ಕೂತು ಎದೆ ಬಡಿದುಕೊಳ್ಳುತ್ತಿದ್ದಳು.

“ಚಾರ್ಜ್ ಮಾಡಿಸೇ ಮಗಳೇ! ಈಗ್ಲೇ ಮಾಡಿಸು! ಇದು ಒಳ್ಳೇದಕ್ಕಲ್ಲ!”

ಒಳ್ಳೆಯದಕ್ಕಲ್ಲ ಎಂಬುದು ಅರ್ಗಿರೋಗೂ ಗೊತ್ತಿತ್ತು. ಬಂದರಿನ ಬೇಕರಿಯಲ್ಲಿ ಬೆಳಗಿನ ಪಾಳಿ ಅವಳದು. ಯಜಮಾನ ಲೆಫ್ಟೇರಿಸ್ ಕಡೆಯ ಎಚ್ಚರಿಕೆ ಕೊಟ್ಟಾಗಿತ್ತು: “ನೋಡಮ್ಮಾ, ನಿನ್ನ ಬ್ಯಾಟರಿ ಕಥೆ ಕೇಳಿ ನನ್ನ ಹಿಟ್ಟು ಉಬ್ಬಲ್ಲ. ಇನ್ನೊಂದು ದಿನ ತಡ ಮಾಡಿದ್ಯೋ, ಬೇರೆಯವರನ್ನ ನೋಡ್ಕೋತೀನಿ.”

ಬ್ಯಾಟರಿಯೋ, ತಿಂಗಳ ಹಿಂದಷ್ಟೇ ಹೊಸದಾಗಿ ಹಾಕಿಸಿದ್ದು. ಎರಡು ದಿನ ನಿಲ್ಲಿಸಿದರೆ ಸಾಕು, ಒಳಗೊಳಗೇ ಯಾರೋ ಹೀರಿಬಿಟ್ಟ ಹಾಗೆ ಖಾಲಿ. (ಮೆಕ್ಯಾನಿಕ್ ಸಮುದ್ರದ ಉಪ್ಪುಗಾಳಿಯ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಂಡಿದ್ದ.)

ಭಾನುವಾರ ಚರ್ಚಿನಿಂದ ಬಂದವಳೇ ಅರ್ಗಿರೋ ಗಂಡನ ಕರೆಂಟು ಅಳೆಯುವ ಮೀಟರು ಹಿಡಿದು ಅಂಗಳಕ್ಕಿಳಿದಳು. ಬ್ಯಾಟರಿಯ ಒಂದು ತಂತಿ ಬಿಚ್ಚಿ, ನಡುವೆ ಮೀಟರು ಜೋಡಿಸಿದಳು. ಕೀಲಿ ಜೇಬಿನಲ್ಲಿದೆ, ಎಂಜಿನ್ ಮಲಗಿದೆ. ಆದರೂ ಸೊನ್ನೆ ಇರಬೇಕಾದಲ್ಲಿ ನೂರು ಮಿಲಿಆಂಪ್ ಹರಿಯುತ್ತಿದೆ!

ಹಾರ್ನಿನ ಫ್ಯೂಸು ಕಿತ್ತಳು. ನೂರು. ಹೆಡ್‌ಲೈಟಿನದು ಕಿತ್ತಳು. ನೂರು. ಉಳಿದದ್ದನ್ನೂ ಕಿತ್ತು ಸೆರಗಿಲ್ಲದ ಕಾರಣ ಮಗಳ ಅಂಗೈಗೆ ಹಾಕಿದಳು. ಬೈಕಿನ ಹಲ್ಲೆಲ್ಲ ಉದುರಿದರೂ ಅದು ಮೆಲ್ಲುತ್ತಲೇ ಇತ್ತು.

“ಸಾಕು ಬಿಡೇ,” ಕಿಟಕಿಯಿಂದ ಅತ್ತೆ ಕೂಗಿದಳು. “ಭಾನುವಾರ ಸ್ಕ್ರೂ ತಿರುಗಿಸಿದ್ರೆ ಪಾಪ. ಪಾಲಕ್ ಪೈ ಆರಿ ಹೋಗ್ತಿದೆ!”

“ಆರ್ಲಿ ಅತ್ತೆ! ಕಳ್ಳ ಫ್ಯೂಸ್ ದಾಟಿ ನೇರ ಬ್ಯಾಟರಿಗೇ ಬಾಯಿ ಹಾಕಿದ್ದಾನೆ. ಇವತ್ತು ಹಿಡಿದೇ ಹಿಡೀತೀನಿ.”

ಆಗ ಕಂಡಿತು, ದಾರದಷ್ಟು ತೆಳ್ಳಗಿನ ಕೆಂಪು ತಂತಿ. ಬ್ಯಾಟರಿಯಿಂದ ಹೊರಟು ಪಕ್ಕದ ಮುಚ್ಚಳದ ಹಿಂದೆ ನುಸುಳಿತ್ತು. ಎರಡು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದಳು.

ಒಳಗೆ ಸಾಕ್ಷಾತ್ ಗರ್ಭಗುಡಿ! ಅಂಗೈಯಗಲದ ಚೌಕಟ್ಟಿನಲ್ಲಿ ಪ್ರಯಾಣಿಕರ ಪಾಲಕ ಸಂತ ಕ್ರಿಸ್ತೋಫೊರೊಸ್. ಪಕ್ಕದಲ್ಲಿ ಒಣಗಿದ ತುಳಸಿಯ ಕಡ್ಡಿ. ಮುಂದೆ ಕಿರುಬೆರಳಿನ ತುದಿಯಷ್ಟು ಕೆಂಪು ಬಲ್ಬು, ಹಗಲಿರುಳೆನ್ನದೆ ಉರಿಯುತ್ತಿದೆ. ಲೆಮೋನಿಯಾ ಫ್ಯೂಸುಗಳನ್ನೆಲ್ಲ ಕೆಳಗೆ ಬೀಳಿಸಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು.

“ಅತ್ತೇ!!”

“ಕಿರುಚಬೇಡ್ವೇ, ಸಂತರು ಬೆಚ್ಚಿಬೀಳ್ತಾರೆ,” ಎನ್ನುತ್ತ ಸ್ತಮಾತಿಯಾ ಇಳಿದು ಬಂದಳು.

“ಯಾರು ಹಾಕಿದ್ದು ಇದನ್ನ?”

“ಚರ್ಚಿಗೆ ಕರೆಂಟ್ ದೀಪ ಹಾಕ್ತಾನಲ್ಲ, ಆ ಪಂತೆಲಿಸ್. ಕೀಲಿ ತಿರುಗಿಸಿದಾಗ ಮಾತ್ರ ಉರಿಯೋ ಹಾಗೆ ಮಾಡ್ಲಾ ಅಂದ. ಥೂ, ನಂದಾದೀಪ ಯಾವತ್ತಾದ್ರೂ ಆರುತ್ತೇನೋ, ಸಂತರಿಗೇನು ರಜಾ ಇದ್ಯಾ ಅಂತ ಬೈದೆ.”

“ಹಾಗಾದ್ರೆ ನೀವು ಪ್ರತಿ ಸಲ ಅಳ್ತಿದ್ದದ್ದು?”

“ಬೈಕ್ ಸತ್ರೆ ದೀಪ ಆರಿತು ಅಂತ ಅಲ್ವೇನೇ? ದೀಪ ಆರಿದ್ರೆ ನಿನ್ನ ಕಾವಲು ಯಾರು? ಮಗ ನೀರಿನ ಮೇಲೆ, ಸೊಸೆ ಈ ಕತ್ತೆ ಮೇಲೆ. ನಾನೊಬ್ಬಳು ಮುದುಕಿ ಎಷ್ಟು ಕಡೆ ಕಣ್ಣಿಡ್ಲಿ?”

ಅರ್ಗಿರೋ ಅತ್ತೆಯ ಹೆಗಲು ಸವರಿ, ಮರುಕ್ಷಣವೇ ತಂತಿ ಕತ್ತರಿಸಿದಳು. ಮೀಟರಿನಲ್ಲಿ ದುಂಡನೆಯ ಸೊನ್ನೆ! ಸಂತರು ಬೈಕಿನಲ್ಲೇ ಇರಲಿ, ದೀಪ ಮನೆಯೊಳಗೆ ಉರಿಯಲಿ ಎಂದು ತೀರ್ಪು ಕೊಟ್ಟಳು. ಅತ್ತೆ ಎಂದೂ ಇಲ್ಲದ ವಿನಯದಿಂದ ತಲೆಯಾಡಿಸಿದಳು.

“ನೋಡ್ತಿರಿ ಅತ್ತೆ, ನಾಳೆ ಬೇಕರಿಗೆ ಲೆಫ್ಟೇರಿಸ್‌ಗಿಂತ ಮುಂಚೆ ಹೋಗಿ ನಿಂತಿರ್ತೀನಿ!”

“ಅವನಿಗಿಂತ ಮುಂಚೆನಾ?” ಅತ್ತೆಯ ಮುಖ ಅರಳಿತು. ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ಹಾಗಾದ್ರೆ ಒಂದು ಉಪಕಾರ ಮಾಡು ನನ್ನ ಬಂಗಾರ. ಈ ಸ್ಕ್ರೂಡ್ರೈವರ್ ಜೊತೇಲೇ ಇಟ್ಕೊಂಡು ಹೋಗು. ರೊಟ್ಟಿ ಹಂಚೋಕೆ ಅವನ ಮೂರು ಚಕ್ರದ ಗಾಡಿ ಇದೆಯಲ್ಲ, ನಿನಗೆ ಕೆಲಸ ಕೊಟ್ಟ ಪುಣ್ಯಾತ್ಮ ಅಂತ ಅದಕ್ಕೂ ಒಂದು ಹಾಕಿಸಿದ್ದೆ. ಮೊನ್ನೆಯಿಂದ ಅದೂ ಸ್ಟಾರ್ಟ್ ಆಗ್ತಿಲ್ವಂತೆ. ಅವನು ಬರೋದ್ರೊಳಗೆ ಬಿಚ್ಚಿಬಿಡ್ತೀಯಾ?”